ಒಂದೇ ವರ್ಷ, ಎರಡು ಬಗೆಯ ಕತ್ತು: 1911ರ ಶಿಲ್ಲಿಂಗ್ ಮತ್ತು ಆ ಕಾಲದ ಬ್ರಿಟಿಷ್ ಬೆಳ್ಳಿಯ ಅಚ್ಚುಭೇದಗಳು

ಬೆಳ್ಳಿಬಿಲ್ಲೆ (ಲೆಸ್ಟರ್)

ಎಲ್ಲರಿಗೂ ನಮಸ್ಕಾರ. ಹುಟ್ಟೂರು ಸಾಗರ. ಹನ್ನೊಂದು ವರ್ಷದಿಂದ ಲೆಸ್ಟರ್‌ನಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿನ ಶನಿವಾರದ ಸಂತೆಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದನ್ನು ಕೊಂಡೆ. ಒಳಗೆ ನಲವತ್ತಮೂರು ಬೆಳ್ಳಿ ನಾಣ್ಯಗಳಿದ್ದವು. ಹೆಚ್ಚಿನವು ಐದನೆಯ ಜಾರ್ಜ್ ದೊರೆಯ ಕಾಲದವು, ಕೆಲವು ಏಳನೆಯ ಎಡ್ವರ್ಡ್ ಕಾಲದವು.

ಅವುಗಳಲ್ಲಿ 1911ರ ಶಿಲ್ಲಿಂಗ್‌ಗಳೇ ಒಂಬತ್ತು. ಒಂದು ಸಂಜೆ ಅವನ್ನು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಬಿಸಿಲು ಓರೆಯಾಗಿ ಬಿದ್ದಾಗ ಕೆಲವು ನಾಣ್ಯಗಳಲ್ಲಿ ದೊರೆಯ ಕತ್ತು ಸಪಾಟಾಗಿ ಕಂಡಿತು, ಉಳಿದವುಗಳಲ್ಲಿ ಒಳಕ್ಕೆ ತಗ್ಗಿದಂತೆ ಕಂಡಿತು. ಇದು ಸವಕಳಿಯೇ, ಬೆಳಕಿನ ಭ್ರಮೆಯೇ, ಅಥವಾ ನಿಜವಾಗಿಯೂ ಎರಡು ಬೇರೆ ಅಚ್ಚುಗಳೇ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೆರಡು ಪ್ರಶ್ನೆಗಳಿವೆ. ಡಬ್ಬಿಯಲ್ಲಿ 1920ರ ಆರು ಪೆನ್ಸ್ ನಾಣ್ಯಗಳು ನಾಲ್ಕಿವೆ. ಆ ವರ್ಷ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರೆಂದು ಓದಿದ್ದೇನೆ. ನನ್ನವು ಯಾವ ಬೆಳ್ಳಿಯವು ಎಂದು ಹೇಗೆ ತಿಳಿಯುವುದು? ಮತ್ತೊಂದು, ಬೇರೆಯವರಿಂದ ಪ್ರತ್ಯೇಕವಾಗಿ ಕೊಂಡ 1926ರ ಅರ್ಧ ಕ್ರೌನ್. ಅದರ ಮುಖದ ಸುತ್ತ ಬರೆದ ದೊರೆಯ ಲ್ಯಾಟಿನ್ ಬಿರುದಿನಲ್ಲಿ ‘ಓಮ್ನ್’ (OMN) ಎಂಬ ಮೊಟಕು ಪದದ ನಂತರ ಇರಬೇಕಾದ ಜೋಡಿ ಚುಕ್ಕಿಗಳಿಲ್ಲ. ಅಪರೂಪದ ಬಗೆ ಎಂದು ಹೇಳಿ ಮಾರಾಟಗಾರರು ಸಾಮಾನ್ಯ ಬೆಲೆಯ ಹಲವು ಪಟ್ಟು ತೆಗೆದುಕೊಂಡರು. ಕೊಟ್ಟದ್ದು ಸರಿಯೇ ಎಂಬ ಅಳುಕು ಈಗ ಕಾಡುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಪಡಿಯಚ್ಚು (ಮೈಸೂರು)

ನಾನು ಮೂವತ್ತೆರಡು ವರ್ಷ ಕಾರ್ಖಾನೆಯೊಂದರಲ್ಲಿ ಡೈ, ಅಂದರೆ ಅಚ್ಚು, ತಯಾರಿಸುವ ವಿಭಾಗದಲ್ಲಿದ್ದವನು. ನಾಣ್ಯದ ಹುಚ್ಚು ಹಿಡಿದದ್ದೂ ಅಲ್ಲಿಂದಲೇ. ಆದ್ದರಿಂದ ಮೊದಲು ಅಚ್ಚು ಹೇಗೆ ಹುಟ್ಟುತ್ತದೆ ಎಂದು ಹೇಳಲು ಬಿಡಿ. ಅದು ತಿಳಿದರೆ ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ನೀವೇ ಉತ್ತರ ಕಂಡುಕೊಳ್ಳುತ್ತೀರಿ.

ಶಿಲ್ಪಿ ಮೊದಲು ತಟ್ಟೆಯಷ್ಟು ಅಗಲದ ಮಾದರಿಯನ್ನು ಗಾರೆಯಲ್ಲಿ ಮಾಡುತ್ತಾನೆ. ಐದನೆಯ ಜಾರ್ಜ್ ಮುಖದ ಮಾದರಿ ಮಾಡಿದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಬರ್ಟ್ರಮ್ ಮೆಕೆನಲ್. ನಮ್ಮ ಆ ಕಾಲದ ರೂಪಾಯಿಯ ಮೇಲಿನ ಕಿರೀಟಧಾರಿ ಮುಖವೂ ಅವರದೇ. ಗಾರೆಯ ಮಾದರಿಯಿಂದ ಲೋಹದ ಪಡಿಯನ್ನು ತೆಗೆದು, ಅದನ್ನು ಕಿರಿದುಗೊಳಿಸುವ ಯಂತ್ರಕ್ಕೆ ಏರಿಸುತ್ತಾರೆ. ಯಂತ್ರದ ಒಂದು ತುದಿಯ ಸೂಜಿ ದೊಡ್ಡ ಮಾದರಿಯ ಮೇಲೆ ಸುರುಳಿಯಾಗಿ ಹರಿದಾಡುತ್ತದೆ. ಇನ್ನೊಂದು ತುದಿಯ ಉಳಿ ಅದೇ ಏರಿಳಿತವನ್ನು ನಾಣ್ಯದ ಅಳತೆಯಲ್ಲಿ ಉಕ್ಕಿನ ಮೇಲೆ ಕೊರೆಯುತ್ತದೆ. ಹೀಗೆ ಹುಟ್ಟುವುದು ಮೂಲ ಪಂಚ್. ಅದರಲ್ಲಿ ಚಿತ್ರ ನಾಣ್ಯದ ಮೇಲಿರುವಂತೆಯೇ ಉಬ್ಬಾಗಿರುತ್ತದೆ. ಅದನ್ನು ಹದಗೊಳಿಸಿ ಮೆತ್ತನೆಯ ಉಕ್ಕಿಗೆ ಒತ್ತಿದರೆ ತಗ್ಗಾದ ಮೂಲ ಅಚ್ಚು. ಅದರಿಂದ ಮತ್ತೆ ಉಬ್ಬಾದ ಕೆಲಸದ ಪಂಚ್. ಆ ಪಂಚ್‌ನಿಂದ ಕೊನೆಗೆ ನಾಣ್ಯ ಹೊಡೆಯುವ ತಗ್ಗಿನ ಅಚ್ಚುಗಳು.

ನಾಣ್ಯ ಕೈಗೆ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವ್ಯತ್ಯಾಸ ಈ ಸರಪಳಿಯ ಯಾವ ಕೊಂಡಿಯಲ್ಲಿ ಹುಟ್ಟಿತು? ಮೂಲ ಪಂಚ್‌ನಲ್ಲಿ ಹುಟ್ಟಿದ್ದರೆ ಅದರ ವಂಶದ ಸಾವಿರಾರು, ಲಕ್ಷಾಂತರ ನಾಣ್ಯಗಳಲ್ಲಿ ಅದು ಒಂದೇ ರೀತಿ ಇರಬೇಕು. ಒಂದು ಅಚ್ಚಿನಲ್ಲಿ ಮಾತ್ರ ಹುಟ್ಟಿದ್ದರೆ ಆ ಅಚ್ಚಿನ ನಾಣ್ಯಗಳಲ್ಲಷ್ಟೇ ಇರುತ್ತದೆ. ಅಚ್ಚು ಸವೆಯುತ್ತಾ ಅಥವಾ ಬಿರಿಯುತ್ತಾ ಹುಟ್ಟಿದ್ದರೆ ನಾಣ್ಯದಿಂದ ನಾಣ್ಯಕ್ಕೆ ಬೆಳೆಯುತ್ತಾ ಹೋಗುತ್ತದೆ. ಹೊಡೆಯುವ ಕ್ಷಣದಲ್ಲಿ ಅಚ್ಚು ಅಲುಗಿ ಹುಟ್ಟಿದ್ದರೆ ಅದು ಆ ಒಂದು ನಾಣ್ಯದ ಪಾಡು. ಜನರ ಕೈಯಲ್ಲಿ ಓಡಾಡಿ ಹುಟ್ಟಿದ್ದರೆ ಅದು ಬರೀ ಸವಕಳಿ. ಮೊದಲನೆಯದನ್ನು ನಾನು ನಿಸ್ಸಂಶಯವಾಗಿ ಅಚ್ಚುಭೇದ ಎನ್ನುತ್ತೇನೆ. ಎರಡನೆಯದನ್ನು ನೋಡಿ ಹೇಳುತ್ತೇನೆ. ಉಳಿದವುಗಳಿಗೆ ಬೇರೆ ಹೆಸರುಗಳಿವೆ.

1911ರ ಶಿಲ್ಲಿಂಗ್‌ನಲ್ಲಿ ಕತ್ತು ತಗ್ಗಿದ ಮುಖ ಮತ್ತು ಸಪಾಟು ಕತ್ತಿನ ಮುಖ ಎಂಬ ಎರಡು ಬಗೆ ನಿಜವಾಗಿಯೂ ಇವೆ. ಸವಕಳಿಯಿಂದ ಉಬ್ಬು ತಗ್ಗೀತೇ ಹೊರತು ಕತ್ತಿನ ನಡುಭಾಗ ಗುಳಿಯಾಗುವುದಿಲ್ಲ. ಎತ್ತರದ ಜಾಗ ಮೊದಲು ಸವೆಯುತ್ತದೆ, ತಗ್ಗು ಕೊನೆಯಲ್ಲಿ. ಆದ್ದರಿಂದ ಗುಳಿ ಕಂಡರೆ ಅದು ಅಚ್ಚಿನದೇ. ಆದರೆ ಸಪಾಟು ಕಂಡರೆ ಮಾತ್ರ ಎಚ್ಚರಿಕೆ ಬೇಕು. ತಗ್ಗಿನ ಸುತ್ತಲಿನ ಅಂಚುಗಳು ಸವೆದುಹೋದ ನಾಣ್ಯವೂ ಸಪಾಟಾಗಿಯೇ ಕಾಣುತ್ತದೆ.

ಹೊಸ ಕಾಸು (ಹಾಸನ)

ಮೇಡಂ, ನೀವು ಹಾಕಿದ ಚಿತ್ರದಲ್ಲಿ ನಾಣ್ಯಗಳು ತುಂಬಾ ಕಪ್ಪಾಗಿ ಕಾಣುತ್ತಿವೆ. ನಮ್ಮ ಮನೆಯಲ್ಲಿ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಉಜ್ಜುತ್ತಾರೆ, ಹೊಸದರಂತೆ ಹೊಳೆಯುತ್ತವೆ. ಹುಣಸೆಹಣ್ಣಿನ ನೀರೂ ಆಗುತ್ತದೆ. ಒಮ್ಮೆ ತೊಳೆದು ನೋಡಿದರೆ ಕತ್ತಿನ ಗುಳಿ ಸ್ಪಷ್ಟವಾಗಿ ಕಾಣಬಹುದಲ್ಲವೇ?

ಥೇಮ್ಸ್ ದಂಡೆ (ಲಂಡನ್)

ಕೈಮುಗಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ. ದೀಪ ಉಜ್ಜುವುದು ಮನೆಯ ಬೆಳಕಿಗಾಗಿ, ಅದು ಸರಿ. ನಾಣ್ಯದ ಮೇಲೆ ವಿಭೂತಿ ಉಜ್ಜಿದರೆ ಕಣ್ಣಿಗೆ ಕಾಣದ ಸಾವಿರ ಗೀರುಗಳು ಬೀಳುತ್ತವೆ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಗುರುತು ಯಾವುದು, ಉಜ್ಜಿದ ಗುರುತು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ನೂರು ವರ್ಷದಲ್ಲಿ ಕೂತ ಆ ಕಪ್ಪು ಬಣ್ಣ ತಗ್ಗುಗಳಲ್ಲಿ ಹೆಚ್ಚು, ಉಬ್ಬುಗಳ ಮೇಲೆ ಕಡಿಮೆ. ಹಾಗಾಗಿ ಅಕ್ಷರಗಳ ಅಂಚನ್ನು ಅದೇ ಎತ್ತಿ ತೋರಿಸುತ್ತದೆ. ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ಉಜ್ಜದೆ ಒಣಗಲು ಬಿಡಿ, ಅಷ್ಟೇ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಇನ್ನು ನೋಡುವ ಕ್ರಮ. ಹತ್ತು ಪಟ್ಟಿನ ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಕಿರು ಭೂತಗನ್ನಡಿ, ಸಾಕು. ಹೆಚ್ಚಿನ ಪಟ್ಟಿನದು ಕೊಂಡರೆ ಕಾಣುವ ಜಾಗ ಕಿರಿದಾಗಿ ದಿಕ್ಕು ತಪ್ಪುತ್ತದೆ. ದೀಪ ಒಂದೇ ಇರಲಿ, ಓರೆಯಾಗಿರಲಿ. ಸುತ್ತಲೂ ಬೆಳಗುವ ಉಂಗುರದ ದೀಪ ಉಬ್ಬುತಗ್ಗನ್ನೆಲ್ಲ ಅಳಿಸಿಹಾಕುತ್ತದೆ. ಒಮ್ಮೆ ನೋಡಿದ ಮೇಲೆ ನಾಣ್ಯವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ನಾಲ್ಕೂ ದಿಕ್ಕಿನಲ್ಲಿ ಕತ್ತಿನ ಗುಳಿ ಗುಳಿಯಾಗಿಯೇ ಉಳಿದರೆ ಅದು ನಿಜ. ಒಂದು ದಿಕ್ಕಿನಲ್ಲಿ ಮಾತ್ರ ಕಂಡರೆ ನೆರಳು.

ಅನುಮಾನ ಉಳಿದರೆ ಅಕ್ಷರಗಳ ಕಡೆಗೆ ಹೋಗಿ. ಮುಖಚಿತ್ರದ ಆಳವನ್ನು ಕಣ್ಣು ತಪ್ಪಾಗಿ ಅಳೆಯಬಹುದು, ಆದರೆ ಅಕ್ಷರದ ಕಾಲು ಎತ್ತ ಚಾಚಿದೆ ಎಂಬುದರಲ್ಲಿ ಮೋಸವಿಲ್ಲ. ನಾಣ್ಯದ ಅಂಚಿನುದ್ದಕ್ಕೂ ಮಣಿಗಳ ಸಾಲಿದೆಯಲ್ಲ, ಇಂಗ್ಲಿಷಿನ ಐ ಅಥವಾ ಟಿ ಅಕ್ಷರದಂಥ ನೇರ ಕಂಬವನ್ನು ಆರಿಸಿಕೊಂಡು ಅದರ ನಡುಗೆರೆಯನ್ನು ಮನಸ್ಸಿನಲ್ಲೇ ಅಂಚಿನವರೆಗೆ ಎಳೆಯಿರಿ. ಅದು ಮಣಿಯ ಮೇಲೆ ಬಂದು ನಿಂತಿತೇ, ಎರಡು ಮಣಿಗಳ ಸಂದಿನಲ್ಲಿ ನಿಂತಿತೇ ಎಂದು ಬರೆದುಕೊಳ್ಳಿ. ಒಂದೇ ಮೂಲ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಈ ಉತ್ತರ ಒಂದೇ ಆಗಿರುತ್ತದೆ. ಮೂರು ನಾಲ್ಕು ಅಕ್ಷರಗಳಿಗೆ ಹೀಗೆ ಮಾಡಿದರೆ ಪ್ರತಿ ನಾಣ್ಯಕ್ಕೂ ಒಂದು ಗುರುತಿನ ಚೀಟಿ ಸಿದ್ಧವಾಗುತ್ತದೆ.

ಒಂದು ಮಾತು ಮರೆಯಬೇಡಿ: ಮೊಬೈಲ್‌ನಲ್ಲಿ ತೆಗೆದ ಚಿತ್ರದಿಂದ ಇದನ್ನು ತೀರ್ಮಾನಿಸಬೇಡಿ. ತೀರಾ ಹತ್ತಿರದಿಂದ ತೆಗೆದಾಗ ಅಂಚು ಬಾಗುತ್ತದೆ, ಕಂಬದ ದಿಕ್ಕು ಅರ್ಧ ಮಣಿಯಷ್ಟು ಸರಿಯುತ್ತದೆ. ನಾನು ಒಮ್ಮೆ ಹೀಗೆ ‘ಹೊಸ ಬಗೆ’ ಕಂಡುಹಿಡಿದೆನೆಂದು ಎರಡು ವಾರ ಸಂಭ್ರಮಿಸಿ, ಕೊನೆಗೆ ನಾಣ್ಯವನ್ನೇ ಕೈಯಲ್ಲಿ ಹಿಡಿದು ನೋಡಿದಾಗ ಅದು ಮಾಮೂಲಿಯದೇ ಆಗಿತ್ತು.

ಬೆಳ್ಳಿಬಿಲ್ಲೆ (ಲೆಸ್ಟರ್)

ನಿಮ್ಮಿಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಮೂರು ಸಂಜೆ ಕೂತು ಒಂಬತ್ತನ್ನೂ ನೋಡಿದೆ. ಮಗಳು ಪಕ್ಕದಲ್ಲಿ ಕೂತು ನೋಟ್‌ಪುಸ್ತಕದಲ್ಲಿ ‘ಮಣಿ’, ‘ಸಂದು’ ಎಂದು ಕನ್ನಡದಲ್ಲಿ ಬರೆದುಕೊಂಡಳು. ಅವಳು ತಾನಾಗಿಯೇ ಕನ್ನಡ ಬರೆದದ್ದು ಬಹಳ ದಿನಗಳ ಮೇಲೆ.

ಐದು ನಾಣ್ಯಗಳಲ್ಲಿ ಕತ್ತು ಸಪಾಟು, ಮೂರರಲ್ಲಿ ಗುಳಿ. ನಾಲ್ಕು ದಿಕ್ಕಿನ ಬೆಳಕಿನಲ್ಲೂ ಬದಲಾಗಲಿಲ್ಲ. ಒಂಬತ್ತನೆಯದು ಎಷ್ಟು ಸವೆದಿದೆಯೆಂದರೆ ಕಿವಿಯೇ ಅರ್ಧ ಅಳಿಸಿದೆ. ಕತ್ತನ್ನು ನೋಡಿ ಅದನ್ನು ಯಾವ ಗುಂಪಿಗೂ ಸೇರಿಸಲು ಧೈರ್ಯ ಬರಲಿಲ್ಲ. ಆಗ ಅಕ್ಷರಗಳ ಚೀಟಿಗಳನ್ನು ಹೋಲಿಸಿದೆ. ಗುಳಿ ಕತ್ತಿನ ಮೂರೂ ಚೀಟಿಗಳು ಒಂದರಂತೆ ಒಂದಿದ್ದವು, ಸಪಾಟು ಕತ್ತಿನ ಐದೂ ತಮ್ಮತಮ್ಮಲ್ಲಿ ಹೊಂದಿದವು. ಎರಡು ಗುಂಪುಗಳ ನಡುವೆ ಮಾತ್ರ ಎರಡು ಅಕ್ಷರಗಳ ದಿಕ್ಕು ಬೇರೆ. ಸವೆದ ನಾಣ್ಯದಲ್ಲಿ ಕತ್ತು ಹೋಗಿದ್ದರೂ ಆ ಎರಡು ಅಕ್ಷರಗಳ ಕಾಲು ಉಳಿದಿತ್ತು. ಅದು ಗುಳಿ ಕತ್ತಿನ ಗುಂಪಿಗೆ ಸೇರಿತು! ಆ ಕ್ಷಣ ನಾನೂ ಮಗಳೂ ಕೂಗಿಕೊಂಡ ಸದ್ದಿಗೆ ಪಕ್ಕದ ಕೋಣೆಯಿಂದ ನಮ್ಮವರು ಓಡಿ ಬಂದರು.

ಹೀಗಾದರೆ ಗುಳಿ ಕತ್ತಿನದು ಅಪರೂಪವೆಂದು ತಿಳಿಯಬಹುದೇ?

ಪಡಿಯಚ್ಚು (ಮೈಸೂರು)

ಬಹಳ ಸಂತೋಷವಾಯಿತು ತಾಯೀ. ಸವೆದ ನಾಣ್ಯವನ್ನು ಅಕ್ಷರದ ಕಾಲು ಹಿಡಿದು ಮನೆ ಸೇರಿಸಿದಿರಲ್ಲ, ಈ ಹವ್ಯಾಸದ ರುಚಿ ಇರುವುದೇ ಅಲ್ಲಿ.

ಒಂಬತ್ತು ನಾಣ್ಯಗಳಿಂದ ಅಪರೂಪವನ್ನು ಅಳೆಯಬೇಡಿ. ಡಬ್ಬಿಯಲ್ಲಿ ನಾಲ್ಕು ಸಿಕ್ಕಿದ್ದು ಯಾರೋ ಒಬ್ಬರು ಒಂದೇ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಎತ್ತಿಟ್ಟ ಕಾರಣಕ್ಕೂ ಇರಬಹುದು. ಕಂಡ ಪ್ರತಿ 1911ನ್ನೂ ನೋಡಿ ಲೆಕ್ಕ ಇಡುತ್ತಾ ಹೋಗಿ. ಹಿಂಬದಿಯನ್ನೂ ಇದೇ ಕ್ರಮದಲ್ಲಿ ನೋಡಿ. ಕಿರೀಟದ ಮೇಲೆ ನಿಂತ ಸಿಂಹದ ಸುತ್ತಲಿನ ಅಕ್ಷರಗಳಿಗೂ ಅವುಗಳದೇ ಚೀಟಿ ಇರುತ್ತದೆ. ಮುಖದ ಅಚ್ಚು, ಹಿಂಬದಿಯ ಅಚ್ಚು ಎರಡೂ ಬೇರೆ ಬೇರೆ ವಂಶಗಳು. ಯಾವುದು ಯಾವುದರ ಜೊತೆ ಮದುವೆಯಾಗಿದೆ ಎಂದು ನೋಡುವುದೂ ಗುರುತಿಸುವಿಕೆಯ ಭಾಗವೇ.

ಹಿಂಬದಿ ನೋಡುವಾಗ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿ. ಆ ಕಾಲದ ಬ್ರಿಟಿಷ್ ಬೆಳ್ಳಿಯಲ್ಲಿ ಎರಡೂ ಬದಿ ನೆಟ್ಟಗೆ ನಿಲ್ಲಬೇಕು. ಸಿಂಹ ವಾಲಿದ್ದರೆ ಹಿಂಬದಿಯ ಅಚ್ಚು ಯಂತ್ರದಲ್ಲಿ ತಿರುಗಿತ್ತು ಎಂದು ಅರ್ಥ. ಅದು ಟಂಕಸಾಲೆಯ ತಪ್ಪು, ಅಚ್ಚುಭೇದವಲ್ಲ.

ರಸಾಯನ ಮೇಷ್ಟ್ರು (ಧಾರವಾಡ)

1920ರ ಆರು ಪೆನ್ಸ್ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇದು ಅಚ್ಚಿನ ಭೇದವಲ್ಲ, ಲೋಹದ ಭೇದ. ಆ ವರ್ಷದ ಆರು ಪೆನ್ಸ್ ಮತ್ತು ಮೂರು ಪೆನ್ಸ್ ಎರಡೂ ನೂರಕ್ಕೆ 92.5 ಬೆಳ್ಳಿಯಲ್ಲೂ ಇವೆ, ನೂರಕ್ಕೆ 50ರಲ್ಲೂ ಇವೆ. ಶಿಲ್ಲಿಂಗ್, ಫ್ಲೋರಿನ್ (ಎರಡು ಶಿಲ್ಲಿಂಗ್), ಅರ್ಧ ಕ್ರೌನ್‌ಗಳಲ್ಲಿ (ಎರಡೂವರೆ ಶಿಲ್ಲಿಂಗ್) 1920 ಎಂದಿದ್ದರೆ ಅವು ಹೊಸ ಲೋಹದವು.

ಕಾರಣ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ, ಏಕೆಂದರೆ ಈ ಕಥೆಯಲ್ಲಿ ನಮ್ಮ ರೂಪಾಯಿಯೂ ಇದೆ. 1816ರಿಂದ ಒಂದು ಟ್ರಾಯ್ ಪೌಂಡ್ (ಬೆಳ್ಳಿ ಬಂಗಾರ ತೂಗುವ ಅಳತೆ) ಬೆಳ್ಳಿಯಿಂದ 66 ಶಿಲ್ಲಿಂಗ್ ಹೊಡೆಯುತ್ತಿದ್ದರು. ಆ ಪೌಂಡಿಗೆ 12 ಔನ್ಸ್, ಶಿಲ್ಲಿಂಗಿಗೆ 12 ಪೆನ್ನಿ, ಅಂದರೆ ಔನ್ಸಿಗೆ 66 ಪೆನ್ನಿ. ಪೇಟೆಯಲ್ಲಿ ಬೆಳ್ಳಿ ಅದಕ್ಕಿಂತ ಅಗ್ಗವಾಗಿರುವವರೆಗೆ ಸರ್ಕಾರಕ್ಕೆ ಲಾಭ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಏರತೊಡಗಿತು. ಭಾರತದಲ್ಲಿ ರೂಪಾಯಿಗೆ ವಿಪರೀತ ಬೇಡಿಕೆ. 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ಹೊರಬಂದದ್ದು ಬೆಳ್ಳಿ ಸಾಲದೆ. 1918ರಲ್ಲಿ ಅಮೆರಿಕವು ಪಿಟ್‌ಮನ್ ಕಾಯ್ದೆಯ ಅಡಿಯಲ್ಲಿ ತನ್ನ ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು, 25.9 ಕೋಟಿ ಡಾಲರ್ ನಾಣ್ಯಗಳ ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿತು. ಅದು ಹೋದದ್ದು ಭಾರತಕ್ಕೆ. 1920ರ ಫೆಬ್ರುವರಿಯಲ್ಲಿ ಲಂಡನ್ ಪೇಟೆಯಲ್ಲಿ ಬೆಳ್ಳಿ ಔನ್ಸಿಗೆ 89.5 ಪೆನ್ನಿ ಮುಟ್ಟಿತು. ಶಿಲ್ಲಿಂಗ್ ಖರ್ಚು ಮಾಡುವುದಕ್ಕಿಂತ ಕರಗಿಸಿ ಮಾರುವುದೇ ಲಾಭ ಎಂಬ ಸ್ಥಿತಿ. ಅದೇ ವರ್ಷ ಕಾನೂನು ತಂದು ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ನಮ್ಮ ರೂಪಾಯಿ ಮಾತ್ರ ತನ್ನ 91.7 ಬೆಳ್ಳಿಯನ್ನು 1940ರವರೆಗೆ ಬಿಡಲಿಲ್ಲ. ಬಿಟ್ಟಾಗ ಅದು ಹಿಡಿದದ್ದು ಬ್ರಿಟನ್ 1927ರಲ್ಲಿ ಹಿಡಿದಿದ್ದ ಮಿಶ್ರಣವನ್ನೇ: 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು.

ಈಗ ಪರೀಕ್ಷೆ. ಬಣ್ಣ ನೋಡಿ ಹೇಳುವವರಿದ್ದಾರೆ, ಸವೆದ ಉಬ್ಬಿನಲ್ಲಿ ಹಳದಿ ಛಾಯೆ ಕಂಡರೆ ಅರ್ಧ ಬೆಳ್ಳಿ ಎನ್ನುತ್ತಾರೆ. ನಾನು ಅದನ್ನು ನಂಬುವುದಿಲ್ಲ. ನೀರನ್ನು ನಂಬುತ್ತೇನೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರುವ ಅಂಕಿ ಎಂದರೆ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. 92.5ರ ಬೆಳ್ಳಿ ಸುಮಾರು 10.36 ಬರಬೇಕು, 1920ರ ಅರ್ಧ ಬೆಳ್ಳಿ ಸುಮಾರು 9.66.

ತೊಂದರೆ ಏನೆಂದರೆ ಆರು ಪೆನ್ಸ್ ಬಹಳ ಹಗುರ, ಹೊಸದರಲ್ಲಿ 2.83 ಗ್ರಾಂ. ಸರಿಸುವ ನೀರು ಒಂದರಲ್ಲಿ 0.273 ಗ್ರಾಂ, ಇನ್ನೊಂದರಲ್ಲಿ 0.293. ಅಂತರ ಕೇವಲ 0.02 ಗ್ರಾಂ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, ಗ್ರಾಂನ ಸಾವಿರದ ಒಂದು ಭಾಗ ತೋರಿಸುವಂಥದು ಬೇಕು. ನಾಣ್ಯಕ್ಕೆ ಒಂದು ಗುಳ್ಳೆ ಅಂಟಿದ್ದರೂ ಲೆಕ್ಕ ಕೆಡುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಮೊದಲು 1919ರದೊಂದನ್ನೂ 1921ರದೊಂದನ್ನೂ ಅಳೆದು ಕೈ ಪಳಗಿಸಿಕೊಳ್ಳಿ, ಆಮೇಲೆ 1920ಕ್ಕೆ ಬನ್ನಿ.

ತೊಲದ ಲೆಕ್ಕ (ಮಂಗಳೂರು)

ಎಲ್ಲರ ಶ್ರಮವನ್ನೂ ಗೌರವಿಸುತ್ತೇನೆ. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು. ಮಣಿಯೋ ಸಂದೋ ಎಂಬುದಕ್ಕೆ ಕೊಳ್ಳುವವರು ಹಣ ಕೊಡುವುದಿಲ್ಲ. ನನ್ನ ತಂದೆ ಕೂಡಿಟ್ಟ ಬ್ರಿಟಿಷ್ ನಾಣ್ಯಗಳನ್ನು ಮಾರಲು ಹೋದಾಗ ತೂಕ ಹಾಕಿ ಬೆಳ್ಳಿಯ ಬೆಲೆ ಕೊಟ್ಟರು, ಅಷ್ಟೇ. ಹೊಸಬರು ಈ ಸೂಕ್ಷ್ಮಗಳಲ್ಲಿ ಮುಳುಗಿ, ಇಲ್ಲದ ಅಪರೂಪಕ್ಕೆ ಹಣ ಸುರಿಯುತ್ತಾರೆ. ಇದೇ ಚರ್ಚೆಯ ಮೊದಲ ಬರಹದಲ್ಲೇ ಅದಕ್ಕೆ ಉದಾಹರಣೆ ಇದೆ.

ಪಡಿಯಚ್ಚು (ಮೈಸೂರು)

ನಿಮ್ಮ ತಂದೆಯವರ ಸಂಗ್ರಹ ಕರಗುವ ಬೆಲೆಗೆ ಹೋಯಿತು ಎಂದು ಓದಿ ಹೊಟ್ಟೆ ಸಂಕಟವಾಯಿತು. ಆದರೆ ನೀವು ಹೇಳಿದ್ದರಿಂದ ನಾನು ತೆಗೆಯುವ ಅರ್ಥ ಬೇರೆ. ಗುರುತಿಸಲು ಬರದೆ ಹೋದದ್ದರಿಂದಲೇ ಅವು ತೂಕಕ್ಕೆ ಹೋದವು. 1905ರ ಅರ್ಧ ಕ್ರೌನ್ 1,66,008 ಮಾತ್ರ ಹೊಡೆದದ್ದು. ಅದು ಆ ರಾಶಿಯಲ್ಲಿ ಇರಲಿಲ್ಲವೆಂದು ಯಾರು ನೋಡಿದ್ದರು?

ಇಲ್ಲದ ಅಪರೂಪಕ್ಕೆ ಹಣ ಸುರಿಯಬಾರದು ಎಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದಕ್ಕೂ ಮದ್ದು ನೋಡಲು ಕಲಿಯುವುದೇ. ನಮ್ಮಲ್ಲೂ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂದು ಗಲಾಟೆಯಾಗಿ, 1912ರಲ್ಲಿ ಅದನ್ನು ತಿದ್ದಿದರಲ್ಲ. ಆ ‘ಹಂದಿ ರೂಪಾಯಿ’ಯನ್ನು ಇಂದು ಸಣ್ಣ ಹುಡುಗರೂ ಗುರುತಿಸುತ್ತಾರೆ. ಸೊಂಡಿಲಿನ ಉದ್ದ ನೋಡಲು ಬರುವ ಕಣ್ಣಿಗೆ ಕತ್ತಿನ ಗುಳಿ ನೋಡಲೂ ಬರುತ್ತದೆ.

ತೊಲದ ಲೆಕ್ಕ (ಮಂಗಳೂರು)

ಸರ್, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಒಂದು ಸಣ್ಣ ಚೀಲ ಇನ್ನೂ ಮನೆಯಲ್ಲಿದೆ. ಅದನ್ನು ತೂಕಕ್ಕೆ ಹಾಕುವ ಮೊದಲು ಇಲ್ಲಿ ಚಿತ್ರ ಹಾಕುತ್ತೇನೆ.

ಥೇಮ್ಸ್ ದಂಡೆ (ಲಂಡನ್)

ಖಂಡಿತ ಹಾಕಿ. 1905 ಸಿಕ್ಕರೆ ಕುಣಿಯುವ ಮೊದಲು ತೂಕ, ಅಂಚು, ಆಮೇಲೆ ಇಸವಿಯ ಅಂಕಿಗಳು ಅಂಚಿನ ಸಾಲಿಗೆ ಹೇಗೆ ಎದುರಾಗಿವೆ ಎಂಬುದನ್ನು ಅಸಲಿಯ ಜೊತೆ ಹೋಲಿಸಿ. ಆ ಇಸವಿಯ ಅರ್ಧ ಕ್ರೌನ್‌ಗೆ ನಕಲಿ ಬಹಳ. ಬೇರೆ ಇಸವಿಯ ಕೊನೆಯ ಅಂಕಿಯನ್ನು ಕೆತ್ತಿ 5 ಮಾಡಿದ್ದರೆ ಅದರ ಸುತ್ತಲಿನ ಬಯಲಿನಲ್ಲಿ, ಅಂದರೆ ಚಿತ್ರ ಅಕ್ಷರಗಳಿಲ್ಲದ ಖಾಲಿ ಜಾಗದಲ್ಲಿ, ಉಳಿಯ ಗುರುತು ಇದ್ದೇ ಇರುತ್ತದೆ. ಪೂರ್ತಿ ನಕಲಿಯಾದರೆ ಅಕ್ಷರಗಳ ಬುಡ ದುಂಡಗಾಗಿ, ಮೇಣ ಕರಗಿದಂತೆ ಕಾಣುತ್ತದೆ. ಅಚ್ಚುಭೇದ ಕಲಿತವರಿಗೆ ಸಿಗುವ ದೊಡ್ಡ ಲಾಭ ಇದು: ಅಸಲಿಯ ಚೀಟಿ ಕೈಯಲ್ಲಿದ್ದರೆ ನಕಲಿ ತಾನಾಗಿಯೇ ಸಿಕ್ಕಿಬೀಳುತ್ತದೆ.

ಬೆಳ್ಳಿಬಿಲ್ಲೆಯವರ ಡಬ್ಬಿಯಲ್ಲಿ ಇಪ್ಪತ್ತರ ದಶಕದವು ಹೆಚ್ಚಿರುವಂತಿದೆ. ನನಗೆ ಅತ್ಯಂತ ಪ್ರಿಯವಾದ ಕಾಲ ಅದೇ, ಟಂಕಸಾಲೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಾ ಹೋದ ಕಾಲ. ಮೆಕೆನಲ್ ಮಾಡಿದ ಮುಖ ಬಹಳ ಉಬ್ಬಾಗಿತ್ತು. ನಾಣ್ಯ ಹೊಡೆಯುವಾಗ ಲೋಹವೆಲ್ಲ ಆ ಮುಖದ ಕಡೆಗೆ ಹರಿದು, ಹಿಂಬದಿಯಲ್ಲಿ ದೊರೆಯ ತಲೆಯ ನೆರಳು ಮಸುಕಾಗಿ ಮೂಡುತ್ತಿತ್ತು. ಕಂಚಿನ ಪೆನ್ನಿಗಳಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ. ಇದಕ್ಕೆ ಪರಿಹಾರ ಹುಡುಕುತ್ತಾ 1920ರಿಂದ ಮುಖವನ್ನು ಮತ್ತೆ ಕೊರೆದು ಆಳ ಕಡಿಮೆ ಮಾಡಿದರು. ಅರ್ಧ ಕ್ರೌನ್‌ನಲ್ಲಿ ಹಿಂಬದಿಯೂ ಬದಲಾಯಿತು. ಮೊದಲಿನವುಗಳಲ್ಲಿ ಕಿರೀಟ ಗುರಾಣಿಗೆ ತಾಗಿಕೊಂಡಿದೆ, ಆಮೇಲಿನವುಗಳಲ್ಲಿ ಎರಡರ ನಡುವೆ ಸಣ್ಣ ಗೆರೆಯಂಥ ಸಂದು ಇದೆ. 1922ರ ಇಸವಿಯಲ್ಲಿ ಎರಡೂ ಸಿಗುತ್ತವೆ. ಲೂಪ್ ಇಲ್ಲದೆಯೂ ನೋಡಬಹುದಾದ ಭೇದ ಇದು.

ಕೊನೆಗೆ 1926ರಲ್ಲಿ ಮುಖವನ್ನೇ ತಿದ್ದಿದರು. ಇದನ್ನು ಗುರುತಿಸಲು ಕತ್ತು ಕತ್ತರಿಸಿದ ಅಂಚಿನ ಮೇಲೆ ಶಿಲ್ಪಿಯ ಹೆಸರಿನ ಮೊದಲಕ್ಷರಗಳನ್ನು ನೋಡಿ. ಹಳೆಯ ಮುಖದಲ್ಲಿ ಬಿ ಮತ್ತು ಎಂ ಅಕ್ಷರಗಳ ನಂತರ ಚುಕ್ಕಿಗಳಿವೆ. ತಿದ್ದಿದ ಮುಖದಲ್ಲಿ ಚುಕ್ಕಿಗಳಿಲ್ಲ, ಅಕ್ಷರಗಳು ಕತ್ತಿನ ಹಿಂಭಾಗಕ್ಕೆ ಸರಿದಿವೆ, ಅಂಚಿನ ಮಣಿಗಳೂ ಹೆಚ್ಚು ಎದ್ದು ಕಾಣುತ್ತವೆ. ಅರ್ಧ ಕ್ರೌನ್, ಶಿಲ್ಲಿಂಗ್, ಆರು ಪೆನ್ಸ್ ಮೂರರಲ್ಲೂ 1926ರ ಇಸವಿಗೆ ಎರಡು ಮುಖಗಳಿವೆ. 1927ರ ಶಿಲ್ಲಿಂಗ್‌ನಲ್ಲಿ ಮುಖ ತಿದ್ದಿದ್ದೇ, ಆದರೆ ಹಿಂಬದಿ ಎರಡು ಬಗೆ, ಹಳೆಯ ಸಿಂಹ ಮತ್ತು ಕ್ರೂಗರ್ ಗ್ರೇ ಬಿಡಿಸಿದ ಹೊಸದು. 1930ರ ಆರು ಪೆನ್ಸ್‌ನಲ್ಲಂತೂ ಭೇದ ಇರುವುದು ಮುಖದಲ್ಲೂ ಅಲ್ಲ, ಹಿಂಬದಿಯಲ್ಲೂ ಅಲ್ಲ, ಅಂಚಿನ ಗೆರೆಗಳಲ್ಲಿ. ಕೆಲವದರಲ್ಲಿ ವಿರಳ, ಕೆಲವದರಲ್ಲಿ ಒತ್ತು. 1929ರದೊಂದನ್ನೂ 1931ರದೊಂದನ್ನೂ ಎರಡು ಪಕ್ಕಕ್ಕೆ ಇಟ್ಟುಕೊಂಡು ನಡುವೆ 1930ನ್ನು ನಿಲ್ಲಿಸಿದರೆ ಉತ್ತರ ತಾನೇ ಸಿಗುತ್ತದೆ.

ಈಗ ಆ 1926ರ ಅರ್ಧ ಕ್ರೌನ್. ಚುಕ್ಕಿ ಕಾಣೆಯಾದ ಬಗೆ ಪಟ್ಟಿಗಳಲ್ಲಿ ದಾಖಲಾಗಿದೆ, ಅದು ಹಳೆಯ ಮುಖದ ನಾಣ್ಯದಲ್ಲಿ. ಮೊದಲು ನಿಮ್ಮದರಲ್ಲಿ ಬಿ ಎಂ ಅಕ್ಷರಗಳ ಪಕ್ಕ ಚುಕ್ಕಿ ಇದೆಯೇ ನೋಡಿ.

ಬೆಳ್ಳಿಬಿಲ್ಲೆ (ಲೆಸ್ಟರ್)

ಇದೆ. ಹಳೆಯ ಮುಖವೇ. ಆದರೆ ಓರೆ ಬೆಳಕಿನಲ್ಲಿ ‘ಓಮ್ನ್’ ಆದ ಮೇಲಿನ ಜಾಗ ನೋಡಿದಾಗ ಏನೋ ಒಂದು ಮಸುಕು ಇದ್ದಂತಿದೆ. ಇದೆಯೋ, ನನ್ನ ಕಣ್ಣು ಬೇಡುತ್ತಿದೆಯೋ ತಿಳಿಯದು.

ಪಡಿಯಚ್ಚು (ಮೈಸೂರು)

ನಿಧಾನವಾಗಿ ನೋಡೋಣ. ನಾಣ್ಯದ ಮೇಲಿನ ಉಬ್ಬು ಚುಕ್ಕಿ ಎಂದರೆ ಅಚ್ಚಿನಲ್ಲಿ ಒಂದು ಸಣ್ಣ ಗುಳಿ. ಅದು ಎರಡು ರೀತಿಯಲ್ಲಿ ಕಾಣೆಯಾಗಬಹುದು. ಪಂಚ್‌ನ ಮೇಲಿನ ಚುಕ್ಕಿಯೇ ಮುರಿದುಹೋಗಿದ್ದರೆ ಅದರಿಂದ ಒತ್ತಿದ ಅಚ್ಚಿನಲ್ಲಿ ಗುಳಿ ಹುಟ್ಟುವುದೇ ಇಲ್ಲ. ಆಗ ನಾಣ್ಯದ ಆ ಜಾಗ ಸುತ್ತಲಿನ ಬಯಲಿನಷ್ಟೇ ನುಣ್ಣಗೆ ಇರುತ್ತದೆ. ಇನ್ನೊಂದು, ಅಚ್ಚಿನಲ್ಲಿ ಗುಳಿ ಇದ್ದು ಅದರೊಳಗೆ ಎಣ್ಣೆಜಿಡ್ಡು, ಲೋಹದ ಪುಡಿ ಕೂಡಿಕೊಂಡು ಗಟ್ಟಿಯಾಗಿರುವುದು. ನಮ್ಮ ಕಾರ್ಖಾನೆಯಲ್ಲಿ ಇದು ದಿನನಿತ್ಯದ ಗೋಳಾಗಿತ್ತು, ಪಾಳಿ ಬದಲಾದಾಗಲೆಲ್ಲ ಅಚ್ಚು ಒರೆಸುತ್ತಿದ್ದೆವು. ಹಾಗಾದಾಗ ಚುಕ್ಕಿಯ ಬುಡದ ಸುತ್ತು ಮಾತ್ರ ಅತಿ ತೆಳುವಾಗಿ ಮೂಡುತ್ತದೆ, ಸುತ್ತಮುತ್ತಲಿನ ಬೇರೆ ಸಣ್ಣ ಭಾಗಗಳೂ ಮಂಕಾಗಿರುತ್ತವೆ.

ನಾಣ್ಯವನ್ನು ಬಹುತೇಕ ಕಣ್ಣಿನ ಮಟ್ಟಕ್ಕೆ ಎತ್ತಿ, ಮೇಜಿನ ಮೇಲೆ ಮಲಗಿಸಿದ ಟಾರ್ಚಿನ ಬೆಳಕು ಬಯಲನ್ನು ಸವರಿಕೊಂಡು ಹೋಗುವಂತೆ ಮಾಡಿ. ಆ ಜಾಗದ ಜೊತೆಗೆ, ಅದರ ಹಿಂದಿನ ಪದ ‘ಬ್ರಿಟ್’ ಆದ ಮೇಲಿನ ಜೋಡಿ ಚುಕ್ಕಿಯನ್ನೂ ನೋಡಿ. ಅದು ಹೇಗಿದೆ ಎಂಬುದು ಮುಖ್ಯ.

ಬೆಳ್ಳಿಬಿಲ್ಲೆ (ಲೆಸ್ಟರ್)

ನೋಡಿದೆ. ಮಗಳು ಟಾರ್ಚ್ ಹಿಡಿದಳು. ‘ಓಮ್ನ್’ ಪಕ್ಕದಲ್ಲಿ ಎರಡು ಉಂಗುರಗಳಿವೆ. ಕೂದಲೆಳೆಯಷ್ಟು ತೆಳು, ಕೆಳಗಿನದು ಅರ್ಧ ಮಾತ್ರ. ‘ಬ್ರಿಟ್’ ಆದ ಮೇಲಿನ ಚುಕ್ಕಿಗಳಲ್ಲೂ ಮೇಲಿನದು ಕೆಳಗಿನದಕ್ಕಿಂತ ತಗ್ಗಾಗಿದೆ. ಅದನ್ನು ಮೊದಲು ಗಮನಿಸಿಯೇ ಇರಲಿಲ್ಲ.

ಹಾಗಾದರೆ ಇದು ತುಂಬಿಹೋದ ಅಚ್ಚು ಎಂದೇ ತಿಳಿಯಬೇಕಲ್ಲವೇ?

ಪಡಿಯಚ್ಚು (ಮೈಸೂರು)

ನೀವು ಹೇಳಿದ ಹಾಗೆಯೇ ಇದ್ದರೆ ಹೌದು. ಅಚ್ಚಿನಲ್ಲಿ ಗುಳಿ ಇತ್ತು, ಅದು ತುಂಬಿತ್ತು. ಮಾರಿದವರಿಗೆ ಆ ಉಂಗುರಗಳ ಚಿತ್ರವನ್ನು ವಿನಯದಿಂದ ತೋರಿಸಿ ಕೇಳಿ. ಅವರೂ ಬರಿಗಣ್ಣಿನಿಂದ ನೋಡಿ ನಂಬಿರಬಹುದು.

ಥೇಮ್ಸ್ ದಂಡೆ (ಲಂಡನ್)

ನನ್ನ ಬಳಿ ಚುಕ್ಕಿ ಇಲ್ಲದ ಒಂದು ಇದೆ. ನಿಮ್ಮ ಬರಹ ಓದಿ ಈಗಷ್ಟೇ ಹೊರತೆಗೆದು ಟಾರ್ಚ್ ಹಿಡಿದೆ. ಬಯಲು ನುಣ್ಣಗಿದೆ, ಉಂಗುರವಿಲ್ಲ, ‘ಬ್ರಿಟ್’ ಚುಕ್ಕಿಗಳು ಪೂರ್ತಿ ಇವೆ. ಎರಡನ್ನೂ ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಚಿತ್ರ ತೆಗೆದರೆ ಇಲ್ಲಿನ ಎಲ್ಲರಿಗೂ ಉಪಯೋಗವಾದೀತು. ಮುಂದಿನ ಭಾನುವಾರ ಲೆಸ್ಟರ್ ಕಡೆಗೆ ಬರುವ ಕೆಲಸವಿದೆ, ನಿಮಗೆ ಒಪ್ಪಿಗೆಯಾದರೆ ತರುತ್ತೇನೆ.

ಬೆಳ್ಳಿಬಿಲ್ಲೆ (ಲೆಸ್ಟರ್)

ದಯವಿಟ್ಟು ಬನ್ನಿ, ಊಟಕ್ಕೆ ನಮ್ಮಲ್ಲಿಯೇ ಇರಬೇಕು. ಮೇಷ್ಟ್ರೇ, ಸಣ್ಣ ತಕ್ಕಡಿಗೆ ಹೇಳಿ ಕಳಿಸಿದ್ದೇನೆ. 1919 ಮತ್ತು 1921ರವುಗಳನ್ನು ಅಳೆದ ಮೇಲೆ ನಾಲ್ಕೂ ಆರು ಪೆನ್ಸ್‌ಗಳ ಅಂಕಿಗಳನ್ನು ಇಲ್ಲಿ ಬರೆಯುತ್ತೇನೆ. 1926ನ್ನು ಹಿಂದಿರುಗಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಆ ಅರ್ಧ ಉಂಗುರವನ್ನು ಮೊದಲು ಕಂಡದ್ದು ಮಗಳು, ಅದು ಈಗ ಅವಳ ನಾಣ್ಯ.